ಮಹಡಿ ಕೋಣೆಯ ಕೊರತೆಗಳು

ದೊಡ್ಡಮ್ಮನ ಮನೆಯ ಮಹಡಿಯ ಮೇಲೆ ಒಂದೇ ಒಂದು ಕೋಣೆ. ಓದುವ ಹುಡುಗಿಯರಿಗಲ್ಲದೆ ಬೇರೆ ಯಾರಿಗೂ ಅದನ್ನು ಬಾಡಿಗೆಗೆ ಕೊಟ್ಟದ್ದಿಲ್ಲ. ಆದರೆ ಅದನ್ನು ಕೊಡುವ ರೀತಿ ಮಾತ್ರ ಇಡೀ ಬೀದಿಗೇ ಒಂದು ತಮಾಷೆಯಾಗಿತ್ತು. ಬೇರೆ ಮನೆಯವರು ಕೋಣೆ ತೋರಿಸುವಾಗ ಕಿಟಕಿ ತೆರೆದು "ನೋಡಿ, ಎಂಥಾ ಗಾಳಿ!" ಅನ್ನುತ್ತಾರೆ. ದೊಡ್ಡಮ್ಮ ಕಿಟಕಿ ಮುಚ್ಚುತ್ತಿದ್ದಳು. ಮುಚ್ಚಿದ ಮೇಲೂ ಉಳಿಯುವ ಸಂದಿಯಲ್ಲಿ ಬೆರಳು ತೂರಿಸಿ, "ನೋಡು ಮಗಾ, ನನ್ನ ಬೆರಳು ಹೊರಗಿದೆ. ಚಳಿ ಶುರುವಾದ್ರೆ ಇಲ್ಲಿಂದ ಗಾಳಿ ಬಂದು ಸೀದಾ ನಿನ್ನ ಕಿವಿಗೇ ಬಡಿಯುತ್ತೆ," ಅನ್ನುತ್ತಿದ್ದಳು.

ಮೊದಲು ಕೆಟ್ಟದ್ದು ತೋರಿಸಬೇಕು, ಅದೂ ಒಂದನ್ನೂ ಬಿಡದೆ. ಇದು ಅವಳ ಪದ್ಧತಿ. ಯಾರಾದರೂ ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು. "ನಾಳೆ ಗೊತ್ತಾಗೋದು ಇವತ್ತೇ ಗೊತ್ತಾಗ್ಲಿ. ನಾಳೆ ಗೊತ್ತಾದ್ರೆ ಮುಖ ಊದಿಸ್ಕೊಂಡು ಓಡಾಡ್ತಾರೆ. ಒಂದೇ ಸೂರಿನ ಕೆಳಗೆ ಊದಿದ ಮುಖ ನೋಡ್ಕೊಂಡು ಬದುಕೋದು ನನ್ನ ಕೈಲಾಗಲ್ಲಪ್ಪ."

ಕೋಣೆ ತೋರಿಸುವ ಈ ಕೆಲಸದಲ್ಲಿ ದೊಡ್ಡಮ್ಮನದು ಬಾಯಿ, ಇರುವೆಯದು ಕೈ. ಇರುವೆ ಎಂದರೆ ದೊಡ್ಡಮ್ಮನ ತಂಗಿಯ ಮಗಳು. ಅಮ್ಮ ತೀರಿಕೊಂಡ ವರ್ಷ ಶಾಲೆ ಅರ್ಧಕ್ಕೇ ಬಿಟ್ಟು ಈ ಮನೆಗೆ ಬಂದವಳು. ಸದ್ದಿಲ್ಲದೆ ಓಡಾಡುತ್ತಾಳೆ, ಕೈಯಲ್ಲಿ ಯಾವಾಗಲೂ ಏನಾದರೊಂದು ಹೊತ್ತಿರುತ್ತಾಳೆ, ಹಾಗಾಗಿ ಆ ಹೆಸರು ಅಂಟಿಕೊಂಡಿತು. ಈಗ ಅವಳಿಗೆ ಮಹಡಿಯ ಮೇಲೆ ಬಂದು ಇರುವ ಹುಡುಗಿಯರದೇ ವಯಸ್ಸು. ದೊಡ್ಡಮ್ಮ "ಗೋಡೆ" ಅಂದರೆ ಅವಳು ಬೀರುವನ್ನು ಮುಂದಕ್ಕೆಳೆದು ಹಿಂದಿನ ಒದ್ದೆ ಕಲೆ ತೋರಿಸುತ್ತಿದ್ದಳು. "ನೆಲ" ಅಂದರೆ ಬಾಗಿಲ ಹತ್ತಿರದ ಸಡಿಲ ಕಲ್ಲಿನ ಮೇಲೆ ನಿಂತು ಆಚೀಚೆ ತೂಗುತ್ತಿದ್ದಳು. "ನಲ್ಲಿ" ಅಂದರೆ ಬಚ್ಚಲಿನ ನಲ್ಲಿ ತಿರುಗಿಸುತ್ತಿದ್ದಳು. ಆ ನಲ್ಲಿ ನೀರು ಕೊಡುವ ಮೊದಲು ಕರು ಕಳೆದುಕೊಂಡ ಹಸುವಿನ ಹಾಗೆ ಒಂದು ಸಲ ಕೂಗಿಕೊಳ್ಳುತ್ತಿತ್ತು.

ಎಷ್ಟೋ ಹುಡುಗಿಯರು ಅಷ್ಟಕ್ಕೇ ಮೆಟ್ಟಿಲಿಳಿದು ಹೋದದ್ದುಂಟು. ಆದರೆ ಇದನ್ನೆಲ್ಲ ನೋಡಿಯೂ ಬಂದವರು ಓದು ಮುಗಿಯುವ ತನಕ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ದೊಡ್ಡಮ್ಮನ ಮಾತು ಕೇಳುವಾಗ ಇರುವೆಗೆ ಒಳಗೊಳಗೇ ಹೆಮ್ಮೆ. ತನ್ನದೇ ಮನೆಯ ಹುಳುಕನ್ನು ಹೀಗೆ ತಲೆಯೆತ್ತಿ ಹೇಳುವುದಕ್ಕೆ ಎಂಥ ಎದೆ ಬೇಕು! ತಾನಾದರೆ ಅಂಗಡಿಯಲ್ಲಿ ಸೋಪನ್ನೂ ಬೆರಳು ಚಾಚಿಯೇ ಕೇಳುವವಳು.

ಮೇಲೆ ಇದ್ದು ಹೋದ ಹುಡುಗಿಯರ ಜೊತೆ ಅವಳು ಆಡಿದ್ದು ಕಡಿಮೆ, ನೋಡಿದ್ದು ಹೆಚ್ಚು. ಒಬ್ಬಳು ಸೋಪಿನ ಚೂರಿನಿಂದ ಕಿಟಕಿಯ ಗಾಜಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಳು. ಇನ್ನೊಬ್ಬಳು ಪರೀಕ್ಷೆ ಹತ್ತಿರ ಬಂದಾಗ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಓದುತ್ತಿದ್ದಳು. ಇರುವೆಗೆ ಇವರೇ ಪೇಟೆ, ಇವರೇ ಸಿನಿಮಾ, ಇವರೇ ಗೆಳತಿಯರು. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.

ಈ ವರ್ಷ ಮಾತ್ರ ಕೋಣೆ ಹೋಗಲಿಲ್ಲ. ಕಾರಣ ಎದುರುಗಡೆಯ ಹೊಸ ಅಂಗಡಿ. ಅಲ್ಲಿ ಕಬ್ಬಿಣದ ಗೇಟು, ಕಿಟಕಿಯ ಸರಳು ಮಾಡುವ ಒಬ್ಬ ಬಂದು ಸೇರಿದ್ದ. ದಿನವಿಡೀ ಬೆಂಕಿಯ ಕಿಡಿ ಹಾರಿಸುತ್ತಾನೆಂದು ಬೀದಿಯವರು ಅವನಿಗೆ ಕಿಡಿಯಣ್ಣ ಎಂದು ಹೆಸರಿಟ್ಟಿದ್ದರು. ಕಿಡಿ ಕಣ್ಣಿಗೆ ಚೆಂದ, ಆದರೆ ಕಬ್ಬಿಣ ಉಜ್ಜುವ ಅವನ ಯಂತ್ರದ ಸದ್ದು ಹಲ್ಲಿನ ಬೇರಿಗೇ ಇಳಿಯುತ್ತಿತ್ತು. ದೊಡ್ಡಮ್ಮ ಪದ್ಧತಿ ಬಿಡಲಿಲ್ಲ. ಬಂದವರನ್ನೆಲ್ಲ ಕಿಟಕಿಯ ಹತ್ತಿರ ನಿಲ್ಲಿಸಿ ಆ ಸದ್ದನ್ನು ಪೂರ್ತಿ ಕೇಳಿಸಿದಳು. ಬಂದವರೆಲ್ಲ ಕಿವಿ ಮುಚ್ಚಿಕೊಂಡು ಇಳಿದು ಹೋದರು.

"ಅಮ್ಮಾ, ಇದು ರೂಮು ತೋರ್ಸೋದಲ್ಲ, ಕಾಗೆ ಓಡ್ಸೋದು," ಅಂದ ದೊಡ್ಡಮ್ಮನ ಮಗ. ಇರುವೆ ಅವನನ್ನು ಅಣ್ಣ ಅನ್ನುತ್ತಾಳೆ. ಅವನದು ಪ್ಲಾಸ್ಟಿಕ್ ಕುರ್ಚಿಗಳ ಸಗಟು ವ್ಯಾಪಾರ. ಅಂಗಡಿಯಲ್ಲಿ ಜಾಗ ಸಾಲದೆ ಅವನ ಕಣ್ಣು ಬಹಳ ದಿನದಿಂದ ಮಹಡಿಯ ಮೇಲಿತ್ತು. "ಕಾಲೇಜು ಶುರುವಾಗೋ ತನಕ ನೋಡು. ಅಷ್ಟರೊಳಗೆ ಯಾರೂ ಬರಲಿಲ್ಲ ಅಂದ್ರೆ ಅಲ್ಲಿ ನನ್ನ ಕುರ್ಚಿ ಇಡ್ತೀನಿ. ಕುರ್ಚಿಗೆ ಸದ್ದು ಗಿದ್ದು ಏನೂ ತೊಂದ್ರೆ ಇಲ್ಲ."

ದೊಡ್ಡಮ್ಮ ಒಪ್ಪಿಬಿಟ್ಟಳು. ಒಮ್ಮೆ ಕುರ್ಚಿ ಹತ್ತಿದ ಮೇಲೆ ಅವು ಇಳಿಯುವುದಿಲ್ಲ ಎಂಬುದು ಇರುವೆಗೆ ಗೊತ್ತಿತ್ತು. ಇನ್ನು ಮೇಲೆ ಮಹಡಿಯಲ್ಲಿ ಯಾರೂ ನಗುವುದಿಲ್ಲ, ಯಾರೂ ಗಟ್ಟಿಯಾಗಿ ಓದುವುದಿಲ್ಲ. ಅವಳಿಗೆ ಅನ್ನ ಸೇರದಾಯಿತು.

ಹೀಗಿರುವಾಗ ದೊಡ್ಡಮ್ಮನಿಗೆ ದವಡೆ ಹಲ್ಲು ಕೀಳಿಸಿಕೊಳ್ಳುವ ಪ್ರಸಂಗ ಬಂತು. ಶನಿವಾರ ಬಾಯಿತುಂಬ ಹತ್ತಿ ಇಟ್ಟುಕೊಂಡು, ಕೆನ್ನೆ ಬೆಲೂನಿನ ಹಾಗೆ ಮಾಡಿಕೊಂಡು ಬಂದಳು. ಡಾಕ್ಟರು ಆ ದಿನವೆಲ್ಲ ಮಾತಾಡಕೂಡದು ಅಂದಿದ್ದರಂತೆ. ಅಣ್ಣ ಭಾನುವಾರ ಬೆಳಿಗ್ಗೆಗೆ ಕುರ್ಚಿಯ ಲಾರಿಗೆ ಹೇಳಿಯೇಬಿಟ್ಟಿದ್ದ. ಸೋಮವಾರ ಕಾಲೇಜು.

ಅದೇ ಶನಿವಾರ ಮಧ್ಯಾಹ್ನ ಗೇಟಿನ ಸದ್ದಾಯಿತು. ಇರುವೆ ಇಣುಕಿ ನೋಡಿದಳು. ಬೆನ್ನ ಮೇಲೆ ದೊಡ್ಡ ಚೀಲ ಹೊತ್ತ, ಮೊಣಕಾಲಿನ ತನಕ ಬರುವ ರಬ್ಬರ್ ಬೂಟುಗಳನ್ನು ಕೈಯಲ್ಲಿ ಹಿಡಿದ ಹುಡುಗಿ. ಮುಖದಲ್ಲಿ ಸುಸ್ತು.

"ರೂಮು ಖಾಲಿ ಇದೆ ಅಂದ್ರು. ಇದೆಯಾ? ನಾನು ದನದ ಡಾಕ್ಟರ್ ಓದ್ತಿದ್ದೀನಿ. ಬೆಳಿಗ್ಗೆಯಿಂದ ನೋಡಿ ನೋಡಿ ಸಾಕಾಯ್ತು," ಅಂದಳು ಹುಡುಗಿ.

ದೊಡ್ಡಮ್ಮ ಕುರ್ಚಿಯಿಂದ ಎದ್ದಳು, ಬಾಯಿ ತೆರೆಯಲು ಹೋಗಿ ಕೆನ್ನೆ ಹಿಡಿದುಕೊಂಡು ಮತ್ತೆ ಕೂತಳು. ಆಮೇಲೆ ಇರುವೆಯ ಕಡೆ ನೋಡಿ, ಮೊದಲು ಅವಳ ಬಾಯಿಯನ್ನು, ಆಮೇಲೆ ಮಹಡಿಯನ್ನು ಬೆರಳಲ್ಲಿ ತೋರಿಸಿದಳು. ಇವತ್ತು ಬಾಯಿಯೂ ನೀನೇ ಎಂದು ಅದರ ಅರ್ಥ.

ಇರುವೆ ಹುಡುಗಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿದಳು.

ಮೇಲೆ ಹೋದ ಮೇಲೆ ಬಾಯಿ ಬರಲೇ ಇಲ್ಲ. ಹುಡುಗಿ ಚೀಲ ಇಳಿಸಿ, ಸೊಂಟ ಹಿಡಿದು ಕಾಯುತ್ತ ನಿಂತಳು. ಇರುವೆ ಕಿಟಕಿ ಮುಚ್ಚಿ, ಸಂದಿಯಲ್ಲಿ ಬೆರಳು ತೂರಿಸಿ ಅಲ್ಲಾಡಿಸಿದಳು. ಆಮೇಲೆ ತನ್ನ ಕಿವಿಯನ್ನೊಮ್ಮೆ ಮುಟ್ಟಿಕೊಂಡು ಚಳಿಯಾದವರಂತೆ ಮೈ ನಡುಗಿಸಿದಳು. ಹುಡುಗಿ ಹುಬ್ಬೇರಿಸಿದಳು. ಇರುವೆ ಬೀರು ಎಳೆದಳು, ಒದ್ದೆಗೋಡೆಗೆ ಅಂಗೈ ಒತ್ತಿ, ಅಂಗೈ ತೋರಿಸಿದಳು. ಸಡಿಲ ಕಲ್ಲಿನ ಮೇಲೆ ಹತ್ತಿ ತೂಗಿದಳು. ಹುಡುಗಿಯ ತುಟಿಯ ಅಂಚಿನಲ್ಲಿ ನಗು ಮೂಡಿತು. ಕೊನೆಗೆ ನಲ್ಲಿ ತಿರುಗಿಸಿದಾಗ ಅದು ಎಂದಿಗಿಂತ ಜೋರಾಗಿ ಕೂಗಿತು.

"ಅಯ್ಯೋ ಪಾಪ, ಇದಕ್ಕೆ ಹೊಟ್ಟೆ ಉಬ್ಬರ! ನಮ್ಮ ಕಾಲೇಜಿಗೆ ಕರ್ಕೊಂಡು ಹೋದ್ರೆ ಔಷಧಿ ಕುಡಿಸ್ತಾರೆ," ಅಂದಳು ಹುಡುಗಿ.

ಇರುವೆಗೆ ನಗು ತಡೆಯಲಾಗಲಿಲ್ಲ. ಹುಡುಗಿಯೂ ನಕ್ಕಳು. ನಗುತ್ತಲೇ ಅವಳು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿ, "ಜಾಗ ತಣ್ಣಗಿದೆ. ಸದ್ದು ಗದ್ದಲ ಇಲ್ಲ. ನನಗೆ ಓದೋಕೆ ಅದೊಂದೇ ಬೇಕಾಗಿದ್ದು," ಅಂದಳು.

ಇರುವೆ ಗಕ್ಕನೆ ನಿಂತಳು. ಹೌದಲ್ಲ! ಇಷ್ಟು ಹೊತ್ತಾದರೂ ಎದುರಂಗಡಿಯಿಂದ ಒಂದು ಚೂರೂ ಸದ್ದಿಲ್ಲ. ಬೇರೆ ದಿನ ಈ ಹೊತ್ತಿಗೆ ಕಿವಿ ಹರಿದು ಹೋಗಬೇಕಿತ್ತು. ಸುಮ್ಮನಿದ್ದುಬಿಟ್ಟರೆ ಹುಡುಗಿ ಈಗಲೇ ಒಪ್ಪುತ್ತಾಳೆ, ಲಾರಿ ವಾಪಸು ಹೋಗುತ್ತದೆ. ಹೇಳಬೇಕಾದ ಬಾಯಿಯೇ ಕೆಳಗೆ ಹತ್ತಿ ತುಂಬಿಕೊಂಡು ಕೂತಿದೆ. ಇರುವೆ ಎದುರಂಗಡಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಹುಡುಗಿಗೆ "ಒಂಚೂರು ಇರಿ" ಎಂದು ಕೈಸನ್ನೆ ಮಾಡಿ ದಡದಡ ಮೆಟ್ಟಿಲಿಳಿದಳು. ದೊಡ್ಡಮ್ಮನ ಮುಂದೆ ಹಾದು, ಗೇಟು ದಾಟಿ, ರಸ್ತೆ ದಾಟಿ, ಅದುವರೆಗೆ ಒಂದು ದಿನವೂ ಕಾಲಿಡದ ಅಂಗಡಿಯೊಳಗೆ ಹೋಗಿ ನಿಂತಳು.

ಕಿಡಿಯಣ್ಣ ಕಣ್ಣಿನ ಕವಚವನ್ನು ಹಣೆಗೇರಿಸಿಕೊಂಡು ಕಬ್ಬಿಣದ ರಾಶಿಯ ಮೇಲೆ ಆರಾಮವಾಗಿ ಕೂತು ಚಹಾ ಕುಡಿಯುತ್ತಿದ್ದ.

"ಏನಮ್ಮಾ? ಅಕ್ಕನ ಕೆನ್ನೆ ಹೇಗಿದೆ?"

"ಯಂತ್ರ..." ಅಂದಳು ಇರುವೆ.

"ನಿಲ್ಸಿದ್ದೀನಿ, ನಿಲ್ಸಿದ್ದೀನಿ. ಹುಡುಗಿ ಚೀಲ ಹೊತ್ಕೊಂಡು ಮೇಲೆ ಹೋಗಿದ್ದು ನೋಡ್ದೆ. ನನ್ನಿಂದ ಆ ಮನೆಗೆ ಬಾಡಿಗೆದಾರರು ಬರ್ತಿಲ್ಲ ಅಂತ ಬೀದಿಯೆಲ್ಲ ಆಡ್ಕೊಳ್ತಾರೆ. ನನಗೂ ಮನಸ್ಸು ಅನ್ನೋದಿದೆ ಕಣಮ್ಮ. ಅವಳು ಒಪ್ಪೋ ತನಕ ಕೈ ಕಟ್ಕೊಂಡು ಕೂರ್ತೀನಿ, ಹೋಗಿ ಅಕ್ಕನಿಗೆ ಹೇಳು."

"ಉಪಕಾರ ಬೇಡ," ಅಂದಳು ಇರುವೆ.

"ಹ್ಞಾಂ?"

"ಸದ್ದು ಮಾಡಿ."

ಕಿಡಿಯಣ್ಣ ಲೋಟ ಕೆಳಗಿಟ್ಟ. "ಅಲ್ಲಮ್ಮಾ, ದಿನಾ ಎಲ್ರೂ ಬಂದು ಸದ್ದು ನಿಲ್ಸಿ ಅಂತ ಬೈತಾರೆ. ಸದ್ದು ಮಾಡಿ ಅಂತ ಬೈಯೋಳು ನೀನೊಬ್ಬಳೇ. ಮಾಡಿದ್ರೆ ಅವಳು ಓಡ್ತಾಳೆ."

"ಓಡಿದ್ರೆ ಓಡ್ಲಿ. ದೊಡ್ಡಮ್ಮ ಇದ್ದಿದ್ರೆ ಕೇಳಿಸ್ತಿದ್ಳು." ಇರುವೆಯ ಕಣ್ಣಲ್ಲಿ ನೀರು ಬಂದಿತ್ತು, ಆದರೆ ಅವಳು ಕದಲಲಿಲ್ಲ. "ಜೋರಾಗೇ ಮಾಡಿ. ದಿನಾ ಮಾಡೋ ಹಾಗೆ."

ಕಿಡಿಯಣ್ಣ ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಕವಚ ಇಳಿಸಿಕೊಂಡು ಯಂತ್ರ ಕೈಗೆತ್ತಿಕೊಂಡ.

ಇರುವೆ ಏದುಸಿರು ಬಿಡುತ್ತ ಮಹಡಿ ಹತ್ತುವ ಹೊತ್ತಿಗೆ ಹುಡುಗಿ ಎರಡೂ ಕಿವಿಗೆ ಕೈ ಒತ್ತಿಕೊಂಡು ಕಿಟಕಿಯಲ್ಲಿ ನಿಂತಿದ್ದಳು. "ಏನಿದು?" ಎಂದು ಬಾಯಿ ಅಲ್ಲಾಡಿದ್ದು ಕಂಡಿತೇ ಹೊರತು ಕೇಳಿಸಲಿಲ್ಲ. ಕೈಸನ್ನೆಯಲ್ಲಿ ಹೇಳುವಂಥದ್ದಲ್ಲ ಇದು. ಇರುವೆ ಉಸಿರು ಎಳೆದುಕೊಂಡು ಕೂಗಿದಳು, "ದಿನಾ ಹೀಗೇನೇ! ಕತ್ತಲಾದ ಮೇಲೆ ನಿಲ್ಲುತ್ತೆ! ಭಾನುವಾರ ಮಾತ್ರ..."

ಅಷ್ಟರಲ್ಲಿ ಕಿಡಿಯಣ್ಣ ಯಂತ್ರ ನಿಲ್ಲಿಸಿದ. "...ಇರಲ್ಲ!" ಎಂಬ ಅವಳ ಕೂಗು ಸದ್ದಡಗಿದ ಬೀದಿಯ ಮೇಲೆ ಹೋಗಿ ಬಿತ್ತು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಸೈಕಲ್ಲು ನಿಲ್ಲಿಸಿ ಮೇಲೆ ನೋಡಿದ. ಇರುವೆಯ ಮುಖ ಕೆಂಪಗಾಯಿತು. ತನ್ನ ದನಿ ಇಷ್ಟು ದೊಡ್ಡದಿದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಹುಡುಗಿ ಕೈ ಇಳಿಸಿದಳು. "ನೀವೇ ಹೋಗಿ ಶುರು ಮಾಡಿಸಿದ್ರಾ?"

ಇರುವೆ ಹೌದೆಂದು ತಲೆಯಾಡಿಸಿದಳು.

ಹುಡುಗಿ ಕಿಟಕಿ ಬಿಟ್ಟು ಈಚೆ ಬಂದಳು. ಮಂಚದ ಅಂಚಿನಲ್ಲಿ ಕೂತು, ಬೂಟುಗಳನ್ನು ಪಕ್ಕದಲ್ಲಿಟ್ಟು, "ಹಗಲು ಹೇಗೂ ಕೊಟ್ಟಿಗೆಯಲ್ಲಿರ್ತೀನಿ, ಇಲ್ಲಾ ಲೈಬ್ರರಿಯಲ್ಲಿ. ಸದ್ದಿಗೆ ಏನಾದರೂ ಮಾಡ್ಕೋಬಹುದು," ಅಂದಳು. "ನನಗೆ ಕೇಳಬೇಕಾಗಿರೋದು ಬೇರೆ. ಹೋದ ವರ್ಷ ಇದ್ದ ರೂಮಿನ ಓನರ್ ಹತ್ರ ಇನ್ನೊಂದು ಕೀಲಿ ಇತ್ತು. ನಾನಿಲ್ಲದಾಗ ಬರ್ತಿದ್ದ. ಏನೂ ಕದೀತಿರಲಿಲ್ಲ. ಕೂತು ಹೋಗ್ತಿದ್ದ, ಅಷ್ಟೇ. ಹಾಸಿಗೆಯ ಮೇಲೆ ಕೂತ ಗುರುತು ಇರ್ತಿತ್ತು. ಒಂದಿನ ನಾನು ಒಳಗೆ ನಿದ್ದೆ ಮಾಡ್ತಿರುವಾಗ್ಲೇ ಬಂದ." ಅವಳು ನೆಲ ನೋಡಿದಳು. "ಆವತ್ತಿಂದ ಗೆಳತಿಯ ರೂಮಲ್ಲಿ ನೆಲದ ಮೇಲೆ ಮಲಗ್ತಿದ್ದೀನಿ. ಈಗ ಅವಳ ಓನರೂ ಬೇಡ ಅಂತಿದ್ದಾರೆ. ನನಗೆ ಗಾಳಿ ಬೇಡ, ಬೆಳಕು ಬೇಡ. ಒಂದೇ ಹೇಳಿ. ಈ ರೂಮಿನೊಳಗೆ ಕೇಳದೆ ಯಾರಾದ್ರೂ ಬರ್ತಾರಾ?"

ಇಲ್ಲ ಎಂಬ ಮಾತು ಇರುವೆಯ ನಾಲಿಗೆಯ ತುದಿಗೇ ಬಂದಿತ್ತು. ದೊಡ್ಡಮ್ಮ ಯಾವತ್ತೂ ಬಂದವಳಲ್ಲ. ಅಣ್ಣನಿಗೆ ಮೆಟ್ಟಿಲು ಹತ್ತುವುದಕ್ಕೇ ಅಪ್ಪಣೆ ಇಲ್ಲ. ಹಾಗಾದರೆ ಯಾರು? ಅಷ್ಟರಲ್ಲಿ ಅವಳ ಕಣ್ಣು ಕೋಣೆಯ ಮೂಲೆಯ ಪುಟ್ಟ ಬಾಗಿಲಿನ ಮೇಲೆ ಹೋಯಿತು.

ಆ ಬಾಗಿಲಿನ ಹಿಂದೆ ಕಡಿದಾದ ಮೆಟ್ಟಿಲು, ಮೆಟ್ಟಿಲ ಮೇಲೆ ತಾರಸಿ, ತಾರಸಿಯಲ್ಲಿ ನೀರಿನ ಟ್ಯಾಂಕು. ರಾತ್ರಿ ಟ್ಯಾಂಕಿನ ವಾಲ್ವು ಮುಚ್ಚದಿದ್ದರೆ ಕೆಳಗಿನ ಹಳೇ ನಲ್ಲಿಗಳಲ್ಲಿ ಸೋರಿ ಬೆಳಗಾಗುವುದರೊಳಗೆ ಖಾಲಿ. ಹಾಗಾಗಿ ಸಂಜೆ ಮುಚ್ಚಬೇಕು, ಬೆಳಿಗ್ಗೆ ತೆಗೆಯಬೇಕು. ದಾರಿ ಇದೊಂದೇ. ದಿನಾ ಬೆಳಿಗ್ಗೆ ಇನ್ನೊಂದು ಕೀಲಿಯಿಂದ ಕೋಣೆಯ ಬಾಗಿಲು ತೆಗೆದು, ಮಲಗಿದ ಹುಡುಗಿಯರ ಪಕ್ಕದಲ್ಲೇ ಹಾದು, ಮೇಲೆ ಹೋಗಿ ಬರುವುದು ಇರುವೆಯ ಕೆಲಸ. ಬಟ್ಟೆ ಬದಲಿಸುವವರನ್ನು ದಾಟಿ ಹೋಗಿದ್ದಾಳೆ, ದಿಂಬಿಗೆ ಮುಖ ಒತ್ತಿ ಅಳುವವರನ್ನೂ ದಾಟಿ ಹೋಗಿದ್ದಾಳೆ. ಯಾರೂ ಏನೂ ಅಂದದ್ದಿಲ್ಲ. ಇರುವೆ ಬಂದರೆ ಯಾರು ತಿರುಗಿ ನೋಡುತ್ತಾರೆ? ಗೋಡೆ, ನೆಲ, ನಲ್ಲಿ, ಕಿಟಕಿ, ಎದುರಂಗಡಿ ಎಲ್ಲವನ್ನೂ ತೋರಿಸುತ್ತ ಬಂದ ದೊಡ್ಡಮ್ಮನಾಗಲಿ ಅವಳಾಗಲಿ ಇದನ್ನು ಮಾತ್ರ ಒಮ್ಮೆಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಬರ್ತಾರೆ," ಅಂದಳು ಇರುವೆ.

ಹುಡುಗಿಯ ಮುಖ ಬಿಗಿಯಿತು. "ಯಾರು?"

"ನಾನು."

ಅವಳು ಪುಟ್ಟ ಬಾಗಿಲು ತೆರೆದು ಮೆಟ್ಟಿಲು ತೋರಿಸಿದಳು. ವಾಲ್ವಿನ ಸಂಗತಿಯನ್ನು ತುಂಡು ತುಂಡಾಗಿ ಹೇಳಿದಳು. ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಎದ್ದು ಚೀಲ ಬೆನ್ನಿಗೇರಿಸಿದಳು.

"ನೀವು ಒಳ್ಳೆಯವರು. ನಿಮ್ಮ ಮೇಲೆ ಸಿಟ್ಟಲ್ಲ," ಅಂದಳು. "ಆದ್ರೆ ಬಾಗಿಲು ತಾನಾಗೇ ತೆರ್ಕೊಳ್ಳೋ ಸದ್ದು ಕೇಳಿದ್ರೆ ಈಗ್ಲೂ ನನ್ನ ಎದೆ ಬಡ್ಕೊಳ್ಳುತ್ತೆ. ನನ್ನ ಕೈಲಿ ಆಗಲ್ಲ."

ಕೆಳಗೆ ಅಣ್ಣ ಬಂದಿದ್ದ. ಕೈಯಲ್ಲಿ ಅಳತೆ ಟೇಪು. ಹುಡುಗಿ ಚೀಲ ಹೊತ್ತು ಇಳಿದು ಬಂದದ್ದನ್ನು ನೋಡಿ ಟೇಪನ್ನು ಟಪ್ ಎಂದು ಒಳಗೆ ಸೇರಿಸಿ, "ಸರಿ ಬಿಡಮ್ಮ. ನಾಳೆ ಲಾರಿ," ಅಂದ. ದೊಡ್ಡಮ್ಮ ಏನಾಯಿತು ಎಂದು ಕೈ ತಿರುಗಿಸಿ ಕೇಳಿದಳು.

"ಒಂದು ಕೊರತೆ ತೋರ್ಸೋದು ಬಿಟ್ಟಿದ್ವಿ ದೊಡ್ಡಮ್ಮ," ಅಂದಳು ಇರುವೆ. "ನಾನು. ದಿನಾ ಬೆಳಿಗ್ಗೆ ಅವ್ರ ರೂಮಲ್ಲಿ ನಾನು ಓಡಾಡೋದು."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವಳೊಂದು ಕೊರತೆಯಂತೆ! ಇರುವೆ ಹರಿದಾಡ್ತು ಅಂತ ಯಾರಾದ್ರೂ ಮನೆ ಬಿಟ್ಟು ಹೋಗ್ತಾರೇನ್ರೀ?"

ಹುಡುಗಿ ಅವನ ಕಡೆ ತಿರುಗಿದಳು. "ಅವರು ಮನುಷ್ಯರು," ಅಂದಳು. "ಹಾಗಾಗೇ ಅದು ಲೆಕ್ಕಕ್ಕೆ ಬರುತ್ತೆ."

ಅಣ್ಣನ ನಗು ಅಲ್ಲೇ ನಿಂತಿತು. ದೊಡ್ಡಮ್ಮ ನಿಧಾನವಾಗಿ ಬಾಯೊಳಗೆ ಬೆರಳು ಹಾಕಿ ಹತ್ತಿ ತೆಗೆದಳು. "ಅಮ್ಮಾ, ಮಾತಾಡ್ಬಾರ್ದು ಅಂದಿದ್ದಾರೆ," ಎಂದು ಅಣ್ಣ ಕೈಚಾಚಿದ. ಅವಳು ಆ ಕೈಯನ್ನು ಸರಿಸಿದಳು. ನೋಡಿದ್ದು ಹುಡುಗಿಯನ್ನಲ್ಲ, ಇರುವೆಯನ್ನು. ಮಾತು ಊದಿದ ಕೆನ್ನೆಯ ಒಂದು ಕಡೆಯಿಂದ ಸೋರುತ್ತಿತ್ತು, ಆದರೂ ಒಂದೊಂದೂ ತಿಳಿಯುತ್ತಿತ್ತು.

"ಇಷ್ಟು ವರ್ಷ ಕಲ್ಲು ಎಣಿಸ್ದೆ, ನಲ್ಲಿ ಎಣಿಸ್ದೆ. ನಿನ್ನನ್ನ ಎಣಿಸ್ಲೇ ಇಲ್ವಲ್ಲೇ ನಾನು."

ಇರುವೆ ತಲೆ ತಗ್ಗಿಸಿದಳು. ದೊಡ್ಡಮ್ಮ ಎದ್ದು, ಅಡುಗೆಮನೆಯ ಮೊಳೆಯಿಂದ ಕೋಣೆಯ ಕೀಲಿಯ ಜೊತೆಗೆ ಇನ್ನೊಂದನ್ನೂ ಬಿಡಿಸಿಕೊಂಡು ಬಂದು ಹುಡುಗಿಯ ಅಂಗೈಯಲ್ಲಿಟ್ಟಳು. "ತಗೋ, ಎರಡೂ ನಿನ್ನ ಹತ್ರಾನೇ ಇರ್ಲಿ. ಒಳಗಿಂದ ಚಿಲಕ ಹಾಕ್ಕೋ. ಬೆಳಿಗ್ಗೆ ಇವಳು ಬಾಗಿಲು ತಟ್ತಾಳೆ. ನೀನು ತೆಗೆದಾಗ ಒಳಗೆ ಬರ್ತಾಳೆ. ತೆಗೀಲಿಲ್ಲ ಅಂದ್ರೆ ಬರಲ್ಲ. ಮೇಲಿಂದ ನೀರು ಬರೋ ತನಕ ನಾವು ಕಾಯ್ತೀವಿ."

"ಅಮ್ಮಾ! ಅವಳು ಏಳೋದು ಯಾವಾಗ್ಲೋ, ನನ್ನ ಸ್ನಾನ?"

"ನಿನ್ನ ಕುರ್ಚಿಗೆ ಸ್ನಾನ ಬೇಕಾಗಿಲ್ವಲ್ಲ, ಅದರ ಜೊತೆ ಕೂತ್ಕೋ."

ಹುಡುಗಿ ಅಂಗೈಯಲ್ಲಿದ್ದ ಕೀಲಿಗಳನ್ನು ನೋಡುತ್ತ ನಿಂತಳು. ಈ ಮಾತನ್ನು ಅವಳು ನಂಬಿದಂತೆ ಕಾಣಲಿಲ್ಲ. ಹೋದ ವರ್ಷವೂ ಯಾರೋ ಹೀಗೇ ಚೆಂದವಾಗಿ ಮಾತಾಡಿದ್ದರೇನೋ. "ಇವತ್ತೊಂದು ರಾತ್ರಿ ಇದ್ದು ನೋಡ್ತೀನಿ," ಅಂದಳು ಕೊನೆಗೆ. "ಬ್ಯಾಗು ಬಿಚ್ಚಲ್ಲ. ನಾಳೆ ಬೆಳಿಗ್ಗೆ ಹೇಳ್ತೀನಿ."

"ನನ್ನ ಲಾರಿಯೂ ನಾಳೆ ಬೆಳಿಗ್ಗೆನೇ," ಅಂದ ಅಣ್ಣ.

ಆ ಸಂಜೆ ಹುಡುಗಿ ಬಾಗಿಲು ತೆರೆದಿಟ್ಟು ನಿಂತಿದ್ದಾಗಲೇ ಇರುವೆ ವಾಲ್ವು ಮುಚ್ಚಿ ಬಂದಿದ್ದಳು. ಭಾನುವಾರ ಬೆಳಿಗ್ಗೆ ಅವಳು ಎಂದಿನಂತೆ ಎದ್ದು ಮೆಟ್ಟಿಲು ಹತ್ತಿದಳು. ಬಾಗಿಲ ಮುಂದೆ ನಿಂತಾಗ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅವಳು ಒಂದು ಬಾಗಿಲನ್ನೂ ತಟ್ಟಿದವಳಲ್ಲ. ಬೆರಳ ಗೆಣ್ಣಿನಿಂದ ಒಮ್ಮೆ ಮುಟ್ಟಿದಳು. ಸದ್ದು ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ತಟ್ಟಿದಳು. ಒಳಗಿನಿಂದ ಉತ್ತರವಿಲ್ಲ. ಹಾಗೇ ಮೆಟ್ಟಿಲ ಮೇಲೆ ಕೂತಳು.

ಗೇಟಿನ ಮುಂದೆ ಲಾರಿ ಬಂದು ನಿಂತ ಸದ್ದಾಯಿತು. ಬಿಸಿಲು ಒಂದು ಮೆಟ್ಟಿಲು ಇಳಿಯಿತು. ಅಷ್ಟರಲ್ಲಿ ಕೆಳಗಿನ ಬಚ್ಚಲಿನಿಂದ ಅಣ್ಣನ ಕೂಗು ಬಂತು. "ಇರುವೇ! ನೀರು ನಿಂತೋಯ್ತು!"

ಪೈಪಿನಲ್ಲಿ ಉಳಿದ ನೀರೂ ಖಾಲಿಯಾಗಿತ್ತು. ಇರುವೆ ಎದ್ದು ಬಾಗಿಲು ನೋಡಿದಳು, ಮತ್ತೆ ಕೂತಳು. ಸ್ವಲ್ಪ ಹೊತ್ತಿಗೆ ಅಣ್ಣನೇ ಧಪಧಪ ಮೆಟ್ಟಿಲು ಹತ್ತಿಕೊಂಡು ಬಂದ. ಸೊಂಟಕ್ಕೆ ಟವೆಲ್ಲು, ತಲೆಯಿಂದ ಎದೆಯ ತನಕ ಸೋಪಿನ ನೊರೆ, ಒಂದು ಕಣ್ಣು ಮುಚ್ಚಿದೆ.

"ಇನ್ನೂ ಎದ್ದಿಲ್ವಾ ಮಹಾರಾಣಿ? ಸರಿ ಆ ಕಡೆ. ಇಂಥ ಬಾಗಿಲು ಎರಡು ಗುದ್ದಿಗೆ ತೆರೆಯುತ್ತೆ."

ಇರುವೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಸರಿಯೇ!"

"ಇಲ್ಲ ಅಣ್ಣ. ಅವರು ತೆಗೆದಾಗ."

"ಕಣ್ಣು ಉರೀತಿದೆ ಕಣೇ!"

"ಒರೆಸ್ಕೋ." ಅವಳು ಹೆಗಲ ಮೇಲಿದ್ದ ಬಟ್ಟೆ ತೆಗೆದುಕೊಟ್ಟಳು. ಜಾಗ ಬಿಡಲಿಲ್ಲ. ಎಷ್ಟೋ ವರ್ಷ ಉಂಡದ್ದು, ಉಟ್ಟದ್ದು ಈ ಅಣ್ಣನ ಮನೆಯಲ್ಲಿ. ಅವನಿಗೆ ಇಲ್ಲ ಅಂದದ್ದು ಇದೇ ಮೊದಲು.

ಕೆಳಗಿನಿಂದ ದೊಡ್ಡಮ್ಮನ ದನಿ ಬಂತು. ಹತ್ತಿ ಇಲ್ಲ, ಊತ ಇದೆ. "ಲೋ, ಕೆಳಗಿಳಿ! ಹೆಣ್ಮಕ್ಕಳ ರೂಮಿನ ಮುಂದೆ ಟವೆಲ್ ಕಟ್ಕೊಂಡು ನಿಂತಿದ್ದಾನೆ, ನಾಚ್ಕೆ ಆಗಲ್ವಾ! ಚೊಂಬಲ್ಲಿ ಕುಡಿಯೋ ನೀರಿದೆ, ಬಂದು ಮುಖ ತೊಳ್ಕೋ."

ಅಣ್ಣ ಗೊಣಗುತ್ತ, ಗೋಡೆ ಹಿಡಿದುಕೊಂಡು, ಒಂದೇ ಕಣ್ಣಲ್ಲಿ ಮೆಟ್ಟಿಲು ಹುಡುಕುತ್ತ ಇಳಿದ. ಅವನ ಹೆಜ್ಜೆ ಹಿಂದೆಯೇ ಚಿಲಕ ಸರಿದ ಸದ್ದಾಯಿತು.

ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಕೂದಲು ಬಾಚಿತ್ತು, ಹಿಂದೆ ಹಾಸಿಗೆ ಮಡಚಿತ್ತು. ಈಗ ತಾನೇ ಎದ್ದವಳಂತೆ ಇರಲಿಲ್ಲ.

"ನೀವು ತಟ್ಟಿದ್ದು ಮೊದಲನೇ ಸಲಾನೇ ಕೇಳಿಸ್ತು," ಅಂದಳು. "ತೆಗೀದೆ ಇದ್ರೆ ಏನು ಮಾಡ್ತೀರಿ ಅಂತ ನೋಡ್ತಾ ಕೂತಿದ್ದೆ. ಅವರು ಹತ್ತಿ ಬಂದಾಗ, ಮುಗೀತು, ಈಗ ಒಡೀತಾರೆ ಅಂದ್ಕೊಂಡೆ." ಕೆಳಗೆ ಮೆಟ್ಟಿಲಿನ ಕಡೆ ನೋಡಿ, "ತಪ್ಪಾಯ್ತು. ಪಾಪ, ಅವರ ಕಣ್ಣು," ಅಂದಳು.

"ಅಣ್ಣನಿಗೆ ಏನಾಗಲ್ಲ," ಅಂದಳು ಇರುವೆ. "ಒಳಗೆ ಬರ್ಲಾ?"

ಯಾರನ್ನೂ ಯಾವತ್ತೂ ಕೇಳದ ಪ್ರಶ್ನೆ ಅದು. ಕೇಳಿದ ಮೇಲೆ ಬಾಯಿಗೆ ಹೊಸ ರುಚಿ ಬಂದಂತಾಯಿತು.

"ಬನ್ನಿ."

ಇರುವೆ ಕಾಲು ಒರೆಸಿಕೊಂಡು ಒಳಗಿಟ್ಟಳು. ಆಚೀಚೆ ನೋಡಬಾರದೆಂದು ಕಣ್ಣನ್ನು ನೆಲಕ್ಕೆ ನೆಟ್ಟು ನೇರ ಮೂಲೆಯ ಬಾಗಿಲಿಗೆ ನಡೆದಳು. ಹಿಂದಿನಿಂದ ಹುಡುಗಿ, "ಒಂದು ಮೊಳೆ, ಒಂದು ಸುತ್ತಿಗೆ ಸಿಗುತ್ತಾ?" ಅಂದಳು. "ಬೂಟು ನೆಲದ ಮೇಲಿಟ್ರೆ ಹುಳ ಸೇರುತ್ತೆ. ಗೋಡೆಗೆ ತೂಗುಹಾಕ್ಬೇಕು."

ಇರುವೆ ತಿರುಗಿದಳು. ಒಂದೇ ರಾತ್ರಿ ಇದ್ದು ಹೋಗುವ ಮನೆಯ ಗೋಡೆಗೆ ಯಾರೂ ಮೊಳೆ ಹೊಡೆಯುವುದಿಲ್ಲ. ಇರುವೆಯ ಮುಖ ಪೂರ್ತಿ ನಗುವಾಯಿತು.

"ಮೊದಲು ನೀರು ಬಿಡಿ," ಅಂದಳು ಹುಡುಗಿಯೂ ನಗುತ್ತ. "ಕೆಳಗೆ ಅವರು ಶಾಪ ಹಾಕ್ತಿದ್ದಾರೆ."

ಇರುವೆ ತಾರಸಿಗೆ ಹತ್ತಿ ವಾಲ್ವು ತಿರುಗಿಸಿದಳು. ಪೈಪಿನೊಳಗೆ ನೀರು ಗಡಗಡ ಇಳಿಯಿತು. ಅಲ್ಲಿಂದ ಬಗ್ಗಿ ನೋಡಿದರೆ ಗೇಟಿನ ಮುಂದೆ ದೊಡ್ಡಮ್ಮ ಕೆನ್ನೆ ಹಿಡಿದುಕೊಂಡು ಲಾರಿಯವನ ಜೊತೆ ಮಾತಾಡುತ್ತಿದ್ದಳು. ಇರುವೆ ಎರಡೂ ಕೈಯನ್ನು ಬಾಯಿಯ ಸುತ್ತ ಇಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ದೊಡ್ಡಮ್ಮಾ! ಲಾರಿ ವಾಪಸ್ ಕಳ್ಸು!"